ಸುಳ್ಳು ಬಿಲ್ಲು ಕಣ್ಣಿಗೆ ಬಿದ್ದರೆ ಮೊದಲು ಯಾವ ಬಾಗಿಲು ತಟ್ಟಬೇಕು?

ಒಬ್ಬ ವೈದ್ಯರು, ಒಂದು ಮಂಗಳವಾರ, 45 ರೋಗಿಗಳು. ನಲವತ್ತೈದು ಬಿಲ್ಲುಗಳಲ್ಲಿಯೂ ಒಂದೇ ಕೋಡ್: 99215. ಹಳೆಯ ರೋಗಿಯೊಬ್ಬರು ಕ್ಲಿನಿಕ್ಕಿಗೆ ಬಂದು ಹೋದದ್ದಕ್ಕೆ ಹಾಕುವ ಕೋಡುಗಳ ಸಾಲಿನಲ್ಲಿ ಅತಿ ದುಬಾರಿಯದು ಅದೇ. ಪ್ರತಿಯೊಂದು ಟಿಪ್ಪಣಿಯ ಕೊನೆಗೂ ‘ಒಟ್ಟು ಸಮಯ 40 ನಿಮಿಷ’ ಎಂಬ ಒಂದೇ ಸಾಲು, ಒಂದೇ ಕಾಗುಣಿತದ ತಪ್ಪಿನೊಂದಿಗೆ. ನಲವತ್ತೈದನ್ನು ನಲವತ್ತರಿಂದ ಗುಣಿಸಿದರೆ 1,800 ನಿಮಿಷ, ಅಂದರೆ 30 ಗಂಟೆ. ಆ ಮಂಗಳವಾರದಲ್ಲಿ ಇದ್ದದ್ದು ಎಂದಿನಂತೆ 24 ಗಂಟೆಯೇ.

ಈ ಲೆಕ್ಕವನ್ನು ನನ್ನ ಮುಂದಿಟ್ಟವಳು ನ್ಯೂಜೆರ್ಸಿ ಕಡೆಯ ಒಬ್ಬ ಕನ್ನಡತಿ, ತಂಗಿಯಂಥವಳು. ಕ್ಲಿನಿಕ್ಕಿನ ಬಿಲ್ಲಿಂಗ್ ವಿಭಾಗದಲ್ಲಿ ಕೆಲಸ. (ಊರನ್ನೂ ಕೆಲಸವನ್ನೂ ಸ್ವಲ್ಪ ಬದಲಿಸಿ ಬರೆಯುತ್ತಿದ್ದೇನೆ.) ರೋಗಿಗಳ ಹೆಸರನ್ನಾಗಲೀ ಕಾಗದವನ್ನಾಗಲೀ ನನಗೆ ತೋರಿಸಲಿಲ್ಲ, ಲೆಕ್ಕವನ್ನಷ್ಟೇ ಬಾಯಲ್ಲಿ ಹೇಳಿದಳು. ಅದು ಆಕೆಯ ಜಾಣತನ. “ಅಣ್ಣ, ಇದನ್ನು ಯಾರಿಗೆ ಹೇಳಬೇಕು?” ಎಂದು ಕೇಳಿದಳು. ಅನ್ನ ತಟ್ಟೆಯಲ್ಲಿ ಆರುತ್ತಿತ್ತು.

ನಾನು ವಕೀಲನಲ್ಲ. ಬೆಂಗಳೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ಬಿಲ್ಲುಗಳಿಗೆ ಕೋಡ್ ಹಾಕುತ್ತ ಕೆಲಸ ಕಲಿತವನು, ಆಮೇಲೆ ಇಲ್ಲಿಗೆ, ಅಮೆರಿಕಕ್ಕೇ ಬಂದು ಅಂಥ ಬಿಲ್ಲುಗಳನ್ನು ತಪಾಸಣೆ ಮಾಡುವವನು. ಆ ರಾತ್ರಿ ಆಕೆಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ. ದೂರು ಕೊಡಲು ಬಾಗಿಲುಗಳು ಹಲವಾರಿವೆ. ಯಾವುದು ಒಳ್ಳೆಯದು ಎಂದು ಎಲ್ಲರೂ ಕೇಳುತ್ತಾರೆ. ನನ್ನ ಅನುಭವದಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ, ಯಾವುದನ್ನು ಮೊದಲು ತಟ್ಟಬೇಕು ಎಂಬುದು. ಸರದಿ ತಪ್ಪಿದರೆ ಕೆಲವು ಬಾಗಿಲುಗಳು ಮತ್ತೆ ತೆರೆಯುವುದೇ ಇಲ್ಲ.

ಮೋಸವೋ, ಕೈತಪ್ಪೋ

ಬಾಗಿಲಿನ ಮಾತಿಗೆ ಮುನ್ನ ಕೈಯಲ್ಲಿರುವುದು ಏನು ಎಂದು ನೋಡಿಕೊಳ್ಳಬೇಕು. 99215 ಕೋಡನ್ನು ಸಮಯದ ಲೆಕ್ಕದಲ್ಲಿಯೂ ಹಾಕಬಹುದು, ಚಿಕಿತ್ಸೆಯ ನಿರ್ಧಾರ ಎಷ್ಟು ಜಟಿಲವಾಗಿತ್ತು ಎಂಬುದರ ಮೇಲೂ ಹಾಕಬಹುದು. ಕ್ಯಾನ್ಸರ್ ರೋಗಿಗಳನ್ನೇ ನೋಡುವ ತಜ್ಞರ ಬಿಲ್ಲುಗಳಲ್ಲಿ ಆ ಕೋಡ್ ಮತ್ತೆ ಮತ್ತೆ ಬಂದರೆ ಅದು ಸಹಜ. ಹಾಗಾಗಿ ಒಂದೇ ಕೋಡ್ 45 ಸಲ ಬಂದದ್ದರಿಂದಲೇ ಏನೂ ಸಾಬೀತಾಗುವುದಿಲ್ಲ. ಕಳೆಯದ ಸಮಯವನ್ನು ಕಳೆದೆ ಎಂದು 45 ಸಲ ಬರೆದದ್ದಿದೆಯಲ್ಲ, ಅದಕ್ಕೆ ಮೋಸದ ವಾಸನೆ ಇದೆ.

ಕಾನೂನು ಕೇಳುವುದೂ ಇದನ್ನೇ: ಗೊತ್ತಿದ್ದು ಮಾಡಿದರೇ? ಬೇಕೆಂದೇ ಕಣ್ಣು ಮುಚ್ಚಿಕೊಂಡರೂ, ಸರಿಯೋ ತಪ್ಪೋ ಎಂದು ಲೆಕ್ಕಿಸದೆ ಬಿಲ್ಲು ಕಳಿಸಿದರೂ ಅದು ‘ಗೊತ್ತಿದ್ದು’ ಮಾಡಿದಂತೆಯೇ. ಆ ಹೊತ್ತಿನಲ್ಲಿ ಬಿಲ್ಲು ಕಳಿಸಿದವರ ಮನಸ್ಸಿನಲ್ಲಿ ನಿಜವಾಗಿ ಏನಿತ್ತು ಎಂಬುದೇ ಮುಖ್ಯ, ಆಮೇಲೆ ವಕೀಲರು ಹೆಣೆದ ಸಮರ್ಥನೆಯಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2023ರಲ್ಲಿ ಸೂಪರ್‌ವ್ಯಾಲ್ಯೂ ಪ್ರಕರಣದಲ್ಲಿ ಹೇಳಿತು. ಆದ್ದರಿಂದ ‘ಎಲ್ಲರೂ 40 ನಿಮಿಷ ಎಂದೇ ಹಾಕಿ’ ಎಂದು ಮ್ಯಾನೇಜರ್ ಕಳಿಸಿದ ಒಂದು ಸಾಲಿನ ಇಮೇಲ್, ನೂರು ಬಿಲ್ಲುಗಳಿಗಿಂತ ತೂಕದ್ದು.

ಹಣ ಯಾರದು?

ಎರಡನೆಯ ಪ್ರಶ್ನೆ ಇನ್ನೂ ಸರಳ, ಆದರೆ ಹೆಚ್ಚಿನವರು ಕೇಳಿಕೊಳ್ಳುವುದೇ ಇಲ್ಲ. ಆ ಬಿಲ್ಲಿನ ಹಣ ಯಾರ ಜೇಬಿನಿಂದ ಹೋಯಿತು? 65 ದಾಟಿದವರ ಮೆಡಿಕೇರ್, ಬಡವರ ಮೆಡಿಕೇಯ್ಡ್, ಸೈನಿಕರ ಕುಟುಂಬಗಳ ಟ್ರೈಕೇರ್, ಇವು ಸರ್ಕಾರದ ಹಣ. ಇವುಗಳಿಗೆ ಸುಳ್ಳು ಬಿಲ್ಲು ಹೋಗಿದ್ದರೆ ಫಾಲ್ಸ್ ಕ್ಲೇಮ್ಸ್ ಆಕ್ಟ್ (ಸುಳ್ಳು ಬೇಡಿಕೆಗಳ ಕಾಯ್ದೆ) ಎಂಬ ದೊಡ್ಡ ಬಾಗಿಲು ತೆರೆಯುತ್ತದೆ: ಸರ್ಕಾರದ ಪರವಾಗಿ ಸಾಮಾನ್ಯರೇ ದಾವೆ ಹೂಡಿ, ವಸೂಲಾದ ಹಣದಲ್ಲಿ ಪಾಲು ಪಡೆಯಬಹುದಾದ ಕಾನೂನು ಅದು. ಖಾಸಗಿ ವಿಮಾ ಕಂಪನಿಯ ಹಣವಾದರೆ ಆ ಬಾಗಿಲಿಗೆ ಬೀಗ. ಆದರೆ ಕ್ಯಾಲಿಫೋರ್ನಿಯಾ ಮತ್ತು ಇಲಿನಾಯ್ ರಾಜ್ಯಗಳಲ್ಲಿ ಖಾಸಗಿ ವಿಮೆಗೆ ಆದ ಮೋಸಕ್ಕೂ ನಾಗರಿಕರೇ ದಾವೆ ಹೂಡಬಹುದಾದ ಪ್ರತ್ಯೇಕ ಕಾನೂನುಗಳಿವೆ. ರೋಗಿ ತನ್ನ ಕೈಯಿಂದಲೇ ಕಟ್ಟಿದ ಹಣವಾದರೆ ಈ ಲೇಖನದ ಬಾಗಿಲುಗಳು ಬಹುಮಟ್ಟಿಗೆ ಉಪಯೋಗಕ್ಕೆ ಬರುವುದಿಲ್ಲ. ರಾಜ್ಯದ ವೈದ್ಯಕೀಯ ಮಂಡಳಿ, ಗ್ರಾಹಕ ದೂರು, ಅಷ್ಟೇ.

ಆಕೆಯನ್ನು ಕೇಳಿದೆ. “ಹೆಚ್ಚಿನವರು ವಯಸ್ಸಾದವರೇ ಅಣ್ಣ, ಮೆಡಿಕೇರ್” ಎಂದಳು.

ಕಂಪನಿಯೊಳಗಿನ ಬಾಗಿಲು

ಹೆಚ್ಚಿನವರು ಮೊದಲು ತಟ್ಟುವುದು ಕಂಪ್ಲಯನ್ಸ್ ವಿಭಾಗದ, ಅಂದರೆ ಕಂಪನಿ ನಿಯಮ ಪಾಲಿಸುತ್ತಿದೆಯೇ ಎಂದು ನೋಡಿಕೊಳ್ಳುವ ವಿಭಾಗದ, ಬಾಗಿಲನ್ನು. ನಮ್ಮವರಿಗೆ ಅದೇ ಸರಿ ಅನ್ನಿಸುತ್ತದೆ, ಮನೆಯ ಮಾತು ಬೀದಿಗೆ ಬರಬಾರದು ಎಂಬ ಸಂಸ್ಕಾರ ಇದೆಯಲ್ಲ. ನಿಜವಾಗಿ ಕೈತಪ್ಪಿನಿಂದ ಆದದ್ದಾದರೆ ಇದಕ್ಕಿಂತ ಒಳ್ಳೆಯ ದಾರಿಯೂ ಇಲ್ಲ. ಮೆಡಿಕೇರ್‌ನಿಂದ ಹೆಚ್ಚು ಹಣ ಬಂದಿದೆ ಎಂದು ಪತ್ತೆಯಾದ ಮೇಲೆ 60 ದಿನಗಳೊಳಗೆ ಹಿಂದಿರುಗಿಸಬೇಕೆಂದು 2010ರ ಆರೋಗ್ಯ ಕಾಯ್ದೆ ಹೇಳುತ್ತದೆ. ತಿಳಿದೂ ಇಟ್ಟುಕೊಂಡರೆ ಆ ಹಣವೂ ಸುಳ್ಳು ಕ್ಲೇಮಿನ ಲೆಕ್ಕಕ್ಕೆ ಸೇರುತ್ತದೆ. ಪ್ರಾಮಾಣಿಕ ಸಂಸ್ಥೆಗಳು ಇದಕ್ಕೆ ಹೆದರಿ ಬೇಗ ಸರಿಪಡಿಸುವುದನ್ನು ನಾನೇ ನೋಡಿದ್ದೇನೆ.

ಬೇಲಿಯೇ ಎದ್ದು ಹೊಲ ಮೇಯುತ್ತಿದ್ದರೆ ಮಾತ್ರ ಕಥೆ ಬೇರೆ. ನಾನು ಹಿಂದೆ ಇದ್ದ ಕಡೆಯೊಂದರಲ್ಲಿ ಸಹೋದ್ಯೋಗಿಯೊಬ್ಬರು ಇಂಥದೇ ಮಾತನ್ನು ಮೀಟಿಂಗಿನಲ್ಲಿ ಬಾಯಿಬಿಟ್ಟು ಎತ್ತಿದರು. ಎರಡು ವಾರದಲ್ಲಿ ಟಿಪ್ಪಣಿಗಳ ಮಾದರಿ ಬದಲಾಯಿತು, ಹಳೆಯ ಕಡತಗಳನ್ನು ನೋಡುವ ಅನುಮತಿ ಅವರಿಗೆ ತಪ್ಪಿತು, ಮೂರನೆಯ ತಿಂಗಳು ‘ಕೆಲಸದ ಗುಣಮಟ್ಟ ಸಾಲದು’ ಎಂಬ ಪತ್ರ ಬಂತು. ಅವರ ಹತ್ತಿರ ಒಂದು ಚೀಟಿಯೂ ಇರಲಿಲ್ಲ. ಎಲ್ಲವೂ ಬಾಯಿಮಾತು.

ಕೆಲಸದಿಂದ ತೆಗೆಯುವಂಥ ಸೇಡಿನ ಕ್ರಮಗಳಿಂದ ಫಾಲ್ಸ್ ಕ್ಲೇಮ್ಸ್ ಆಕ್ಟ್ ರಕ್ಷಣೆ ಕೊಡುತ್ತದೆ. ಕಂಪನಿಯೊಳಗೇ ದನಿ ಎತ್ತಿದವರಿಗೂ ಅದು ಸಿಗುತ್ತದೆ. ಗೆದ್ದರೆ ಕೆಲಸ ವಾಪಸ್ಸು, ಬಾಕಿ ಸಂಬಳದ ಎರಡು ಪಟ್ಟು, ಬಡ್ಡಿ, ವಕೀಲರ ಖರ್ಚು. ಮೂರು ವರ್ಷದೊಳಗೆ ದಾವೆ ಹೂಡಬೇಕು. ಆದರೆ ಇದೆಲ್ಲ ಏಟು ಬಿದ್ದ ಮೇಲಿನ ಔಷಧ, ಏಟನ್ನು ತಡೆಯುವ ಗುರಾಣಿಯಲ್ಲ. ಅದನ್ನು ಪಡೆಯುವುದಕ್ಕೂ ನೀವು ದೂರಿದ್ದಿರಿ ಎಂದು ತೋರಿಸುವ, ತಾರೀಖು ಇರುವ ಬರಹ ಬೇಕು. ಒಳಗೆ ಹೇಳುವುದೇ ಆದರೆ ಬರೆದೇ ಹೇಳಿ, ಅದನ್ನೂ ವಕೀಲರಿಗೆ ತೋರಿಸಿ ಹೇಳಿ.

ಮೂಗರ್ಜಿಯ ಬಾಗಿಲು

ಕೇಂದ್ರ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಒಂದು ಸಹಾಯವಾಣಿಯನ್ನು ನಡೆಸುತ್ತದೆ. ಹೆಸರು ಹೇಳದೆಯೂ ದೂರಬಹುದು, ಖರ್ಚಿಲ್ಲ, ವಕೀಲರು ಬೇಡ. ಮೆಡಿಕೇಯ್ಡ್ ಮೋಸವಾದರೆ ಪ್ರತಿ ರಾಜ್ಯದಲ್ಲಿಯೂ ಅದಕ್ಕೆಂದೇ ತನಿಖಾ ಘಟಕ ಇದೆ. ರೋಗಿಯ ಮನೆಯವರಿಗೆ, ತಾನು ಮಾಡಿಸಿಕೊಳ್ಳದ ಪರೀಕ್ಷೆಗೆ ಮೆಡಿಕೇರ್ ಹಣ ಕೊಟ್ಟದ್ದನ್ನು ಗಮನಿಸಿದ ಹಿರಿಯರಿಗೆ, ಇದೇ ಸರಿಯಾದ ಬಾಗಿಲು. ಒಂದು ಫೋನ್, ಮುಗಿಯಿತು.

ಒಳಗೆ ಕೆಲಸ ಮಾಡುವವರಿಗೆ ನಾನು ಇದನ್ನು ಮೊದಲ ಹೆಜ್ಜೆಯಾಗಿ ಹೇಳುವುದಿಲ್ಲ. ನೀವು ಹೇಳಿದ್ದು ಎಲ್ಲಿಗೆ ಹೋಯಿತು, ಯಾರು ಓದಿದರು ಎಂಬ ಸುದ್ದಿ ನಿಮಗೆ ಬರುವುದಿಲ್ಲ. ವಸೂಲಾದ ಹಣದಲ್ಲಿ ಪಾಲು ಕೇಳುವ ಹಕ್ಕು ಫೋನ್ ಮಾಡಿದ್ದರಿಂದ ಹುಟ್ಟುವುದಿಲ್ಲ. ಇನ್ನೊಂದು ವಿಷಯವೂ ಇದೆ. ನೀವು ಫೋನಿಟ್ಟು ಕಾಯುತ್ತಿರುವಾಗ, ಪಕ್ಕದ ಮೇಜಿನವರು ವಕೀಲರ ಮೂಲಕ ಕೋರ್ಟಿಗೆ ಹೋದರೆ ಆ ದಾವೆ ಅವರದಾಗುತ್ತದೆ. ಒಂದೇ ಮೋಸದ ಬಗ್ಗೆ ಮೊದಲು ದಾಖಲಿಸಿದವರಿಗೆ ಮಾತ್ರ ಜಾಗ, ಎರಡನೆಯವರಿಗೆ ಬಾಗಿಲು ಮುಚ್ಚಿತು.

ಮುಚ್ಚಿದ ಲಕೋಟೆಯ ಬಾಗಿಲು

ಅಮೆರಿಕದ ಅಂತರ್ಯುದ್ಧದ ನಡುವೆ, 1863ರಲ್ಲಿ, ಸೇನೆಗೆ ಕಳಪೆ ಮಾಲು ಮಾರಿ ಹಣ ನುಂಗುತ್ತಿದ್ದ ಗುತ್ತಿಗೆದಾರರನ್ನು ಹಿಡಿಯಲು ಲಿಂಕನ್ ಕಾಲದ ಸಂಸತ್ತು ಫಾಲ್ಸ್ ಕ್ಲೇಮ್ಸ್ ಆಕ್ಟ್ ಮಾಡಿತು. ಸರ್ಕಾರದ ಪರವಾಗಿ ಸಾಮಾನ್ಯ ಮನುಷ್ಯನೇ ದಾವೆ ಹೂಡಬಹುದು, ವಸೂಲಿಯಲ್ಲಿ ಅವನಿಗೂ ಪಾಲು ಎಂಬುದು ಅದರ ಉಪಾಯ. ಲ್ಯಾಟಿನ್ನಿನಿಂದ ಬಂದ ‘ಕ್ವಿ ಟ್ಯಾಮ್’ ಎಂಬ ಹೆಸರಿನಲ್ಲಿ ವಕೀಲರು ಅದನ್ನು ಕರೆಯುತ್ತಾರೆ. 1943ರಲ್ಲಿ ಕಾಯ್ದೆಯ ಹಲ್ಲು ಕಿತ್ತರು, 1986ರಲ್ಲಿ ಮತ್ತೆ ಕಟ್ಟಿಸಿದರು. ಈಗ ಅದರ ಮುಖ್ಯ ಬೇಟೆ ಆಸ್ಪತ್ರೆ, ಔಷಧ ಕಂಪನಿ, ಪ್ರಯೋಗಾಲಯಗಳು. 2024ರ ಆರ್ಥಿಕ ವರ್ಷದಲ್ಲಿ 979 ಇಂಥ ದಾವೆಗಳು ದಾಖಲಾದವು. ಆ ವರ್ಷ ಈ ಕಾಯ್ದೆಯಡಿ ವಸೂಲಾದ 290 ಕೋಟಿ ಡಾಲರಿಗೂ ಮಿಕ್ಕ ಹಣದಲ್ಲಿ ಸುಮಾರು 167 ಕೋಟಿ ಆರೋಗ್ಯ ಕ್ಷೇತ್ರದ್ದು.

ದಂಡದ ಲೆಕ್ಕ ಭಾರಿಯದು: ಆದ ನಷ್ಟದ ಮೂರು ಪಟ್ಟು, ಜೊತೆಗೆ ಪ್ರತಿ ಸುಳ್ಳು ಬಿಲ್ಲಿಗೆ 14,308ರಿಂದ 28,619 ಡಾಲರ್ (2025ರ ಪರಿಷ್ಕರಣೆ). ನೂರು ಡಾಲರಿನ ಆಸೆಗೆ ಕಳಿಸಿದ ಒಂದು ಬಿಲ್ಲಿಗೆ ಇಷ್ಟು! ಅದಕ್ಕೇ ಹೆಚ್ಚಿನ ಸಂಸ್ಥೆಗಳು ವಿಚಾರಣೆಯವರೆಗೆ ಹೋಗದೆ ರಾಜಿಗೆ ಬರುತ್ತವೆ.

ದಾವೆ ನಡೆಯುವ ರೀತಿ ನಮ್ಮ ಕೋರ್ಟುಗಳನ್ನು ಕಂಡವರಿಗೆ ವಿಚಿತ್ರ ಅನ್ನಿಸಬಹುದು. ವಕೀಲರು ದೂರನ್ನು ಫೆಡರಲ್ ಕೋರ್ಟಿನಲ್ಲಿ ಮುಚ್ಚಿದ ಲಕೋಟೆಯಂತೆ ಗೋಪ್ಯವಾಗಿ ದಾಖಲಿಸುತ್ತಾರೆ. ಪ್ರತಿವಾದಿಗೆ ನೋಟಿಸ್ ಹೋಗುವುದಿಲ್ಲ. ನಿಮ್ಮಲ್ಲಿರುವ ಮುಖ್ಯ ಸಾಕ್ಷ್ಯವನ್ನೆಲ್ಲ ವಿವರಿಸಿದ ಹೇಳಿಕೆಯೊಂದು ದೂರಿನ ಜೊತೆಗೆ ನ್ಯಾಯ ಇಲಾಖೆಗೆ ಹೋಗುತ್ತದೆ. ಸರ್ಕಾರ ಒಳಗೊಳಗೇ ತನಿಖೆ ಮಾಡಿ, ತಾನು ಸೇರಿಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ. ಕಾಯ್ದೆಯಲ್ಲಿ ಬರೆದ ಗಡುವು 60 ದಿನ. ಕೋರ್ಟು ಅದನ್ನು ಮತ್ತೆ ಮತ್ತೆ ವಿಸ್ತರಿಸುತ್ತ ಹೋಗುವುದರಿಂದ ನಿಜದಲ್ಲಿ ಎರಡು ಮೂರು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು.

ಈ ಬಾಗಿಲಿನ ನಿಜವಾದ ಬೆಲೆ ಇದೇ ಮೌನ. ಬೆಳಿಗ್ಗೆ ಅದೇ ಕಚೇರಿಗೆ ಹೋಗಬೇಕು, ಅದೇ ಮ್ಯಾನೇಜರಿಗೆ ನಮಸ್ಕಾರ ಹೇಳಬೇಕು. ದಾವೆ ಹೂಡಿದ್ದೇನೆ ಎಂದು ಸ್ನೇಹಿತರಿಗೆ ಹೇಳುವಂತಿಲ್ಲ, ಕನ್ನಡ ಕೂಟದ ಯುಗಾದಿ ಊಟದಲ್ಲಿ ಸುಳಿವು ಕೊಡುವಂತಿಲ್ಲ, ಊರಿನಲ್ಲಿರುವ ತಾಯಿಗೆ ‘ಯಾಕೋ ನಿದ್ರೆ ಬರುತ್ತಿಲ್ಲ’ ಎಂದಷ್ಟೇ ಹೇಳಬೇಕು. ಹಣದ ಮಾತು ಕೇಳಿ ಕಣ್ಣರಳಿಸುವವರಿಗೆ ನಾನು ಮೊದಲು ಹೇಳುವುದು ಈ ಮೌನದ ಬಗ್ಗೆ. ಮಾತು ಹೊಟ್ಟೆಯಲ್ಲಿ ನಿಲ್ಲದವರು ಈ ದಾರಿಗೆ ಬರಬಾರದು.

ಇನ್ನು ಹಣ. ಸರ್ಕಾರ ದಾವೆಯಲ್ಲಿ ಸೇರಿಕೊಂಡರೆ ವಸೂಲಿಯ ಶೇ 15ರಿಂದ 25, ಸೇರದೆ ನೀವೇ ನಡೆಸಿ ಗೆದ್ದರೆ ಶೇ 25ರಿಂದ 30. ಒಂದು ಕೋಟಿ ಡಾಲರಿಗೆ ರಾಜಿಯಾಯಿತು, ನಿಮಗೆ ಶೇ 18 ಕೊಟ್ಟರು ಎನ್ನೋಣ. ಹದಿನೆಂಟು ಲಕ್ಷ ಡಾಲರ್. ವಕೀಲರೊಂದಿಗೆ ಶೇ 40ರ ಒಪ್ಪಂದವಿದ್ದರೆ ಅವರಿಗೆ 7.2 ಲಕ್ಷ, ನಿಮಗೆ 10.8 ಲಕ್ಷ. ಅದರ ಮೇಲೆ ಆದಾಯ ತೆರಿಗೆ. ಒಳ್ಳೆಯ ಮೊತ್ತವೇ, ಸಂಶಯವಿಲ್ಲ. ಆದರೆ ಐದಾರು ವರ್ಷ ಕಾದು, ನಡುವೆ ಕೆಲಸವೂ ಹೋಗಿ, ಅದೇ ಕ್ಷೇತ್ರದಲ್ಲಿ ಮತ್ತೆ ಯಾರೂ ಕರೆಯದ ಸ್ಥಿತಿಯನ್ನು ಅದರ ಪಕ್ಕದಲ್ಲಿಟ್ಟು ತೂಗಬೇಕು. ಎಷ್ಟೋ ದಾವೆಗಳಲ್ಲಿ ಸರ್ಕಾರ ಸೇರುವುದೇ ಇಲ್ಲ, ಅಂಥವುಗಳಲ್ಲಿ ಬಹಳಷ್ಟು ಅಲ್ಲಿಗೇ ನಿಲ್ಲುತ್ತವೆ. ಬೇಡವೆನಿಸಿದರೆ ಸರ್ಕಾರವೇ ದಾವೆಯನ್ನು ವಜಾ ಮಾಡಿಸಬಹುದು. ಆ ಅಧಿಕಾರವನ್ನು ಸುಪ್ರೀಂ ಕೋರ್ಟ್ 2023ರ ಪೊಲಾನ್‌ಸ್ಕಿ ತೀರ್ಪಿನಲ್ಲಿ ಎತ್ತಿಹಿಡಿದಿದೆ.

ನಮ್ಮವರಿಗೆ ಪರಿಚಿತವಾದ ಉದಾಹರಣೆ ರ‍್ಯಾನ್‌ಬ್ಯಾಕ್ಸಿ. ಆ ಕಂಪನಿಯಲ್ಲಿದ್ದ ದಿನೇಶ್ ಠಾಕೂರ್, ಔಷಧಗಳ ಪರೀಕ್ಷಾ ಮಾಹಿತಿಯನ್ನು ತಿರುಚಿರುವುದನ್ನು ಪತ್ತೆಹಚ್ಚಿದರು. 2005ರಲ್ಲಿ ರಾಜೀನಾಮೆ ಕೊಟ್ಟರು, ಬೇರೆ ಹೆಸರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರಿಗೆ ಬರೆದರು, 2007ರಲ್ಲಿ ವಕೀಲರ ಮೂಲಕ ಕ್ವಿ ಟ್ಯಾಮ್ ದಾವೆ ಹೂಡಿದರು. 2013ರ ಮೇ ತಿಂಗಳಲ್ಲಿ ಕಂಪನಿಯ ಅಮೆರಿಕದ ಘಟಕ ಅಪರಾಧ ಒಪ್ಪಿಕೊಂಡು, ಒಟ್ಟು 50 ಕೋಟಿ ಡಾಲರ್ ತೆರಲು ಒಪ್ಪಿತು. ಅವರ ಪಾಲಿಗೆ ಬಂದದ್ದು ಸುಮಾರು 4.86 ಕೋಟಿ ಡಾಲರ್. ಈ ಮೊತ್ತವನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ. ರಾಜೀನಾಮೆಗೂ ಅದಕ್ಕೂ ನಡುವಿನ ಎಂಟು ವರ್ಷಗಳನ್ನು ಯಾರೂ ಎಣಿಸುವುದಿಲ್ಲ.

ಒಂದು ಎಚ್ಚರಿಕೆ. ಖಾಸಗಿ ವ್ಯಕ್ತಿ ಸರ್ಕಾರದ ಪರವಾಗಿ ದಾವೆ ಹೂಡುವುದೇ ಸಂವಿಧಾನಬಾಹಿರ ಎಂದು ಫ್ಲಾರಿಡಾದ ಒಬ್ಬ ಫೆಡರಲ್ ನ್ಯಾಯಾಧೀಶರು 2024ರ ಸೆಪ್ಟೆಂಬರಿನಲ್ಲಿ ತೀರ್ಪಿತ್ತರು. ಅದೂ ಮೆಡಿಕೇರ್ ಪ್ರಕರಣವೇ. ಬೇರೆ ನ್ಯಾಯಾಧೀಶರು ಇದನ್ನು ಒಪ್ಪಿಲ್ಲ, ಮೇಲ್ಮನವಿಯೂ ಹೋಯಿತು. ವಕೀಲರನ್ನು ಭೇಟಿಯಾದಾಗ ಇದರ ಬಗ್ಗೆ ಕೇಳಿ. ಅವರ ಉತ್ತರದಿಂದಲೇ ಅವರು ಈ ವಿಷಯದಲ್ಲಿ ಎಷ್ಟು ಮುಳುಗಿದ್ದಾರೆ ಎಂದು ತಿಳಿಯುತ್ತದೆ.

ಪಕ್ಕದ ಬಾಗಿಲುಗಳು

ಇವನ್ನು ಬೇಗ ಹೇಳಿ ಮುಗಿಸುತ್ತೇನೆ. ಸುಮಾರು 30 ರಾಜ್ಯಗಳಲ್ಲಿ ಇದೇ ಮಾದರಿಯ ರಾಜ್ಯ ಕಾಯ್ದೆಗಳಿವೆ. ಮೆಡಿಕೇಯ್ಡ್ ಹಣದಲ್ಲಿ ರಾಜ್ಯದ ಪಾಲೂ ಇರುವುದರಿಂದ ಜಾಣ ವಕೀಲರು ಎರಡನ್ನೂ ಒಂದೇ ದೂರಿನಲ್ಲಿ ಸೇರಿಸುತ್ತಾರೆ. ಕ್ಯಾಲಿಫೋರ್ನಿಯಾದ ವಿಮಾ ಕಾಯ್ದೆಯಲ್ಲಿ ಪಾಲು ಶೇ 30ರಿಂದ ಶುರುವಾಗುತ್ತದೆ, ಫೆಡರಲ್ ಕಾಯ್ದೆಗಿಂತ ಉದಾರ.

ಆಸ್ಪತ್ರೆ ಸರಪಳಿ ಷೇರುಪೇಟೆಯಲ್ಲಿದ್ದು, ಸುಳ್ಳು ಬಿಲ್ಲಿನಿಂದ ಲಾಭ ಉಬ್ಬಿಸಿ ಹೂಡಿಕೆದಾರರಿಗೆ ತೋರಿಸಿದ್ದರೆ ಷೇರುಪೇಟೆಯ ನಿಯಂತ್ರಕ ಎಸ್‌ಇಸಿಗೂ ದೂರಬಹುದು. ದಂಡ ಹತ್ತು ಲಕ್ಷ ಡಾಲರ್ ದಾಟಿದರೆ ಶೇ 10ರಿಂದ 30 ಬಹುಮಾನ. ವಕೀಲರ ಮೂಲಕ ಹೋದರೆ ಹೆಸರು ಮುಚ್ಚಿಟ್ಟೇ ದೂರಬಹುದು ಎಂಬುದು ಇದರ ದೊಡ್ಡ ಅನುಕೂಲ. ಕ್ವಿ ಟ್ಯಾಮ್‌ನಲ್ಲಿ ಲಕೋಟೆ ತೆರೆದ ದಿನ ನಿಮ್ಮ ಹೆಸರೂ ಸಾಮಾನ್ಯವಾಗಿ ಹೊರಬೀಳುತ್ತದೆ. ಆದರೆ ಒಂದು ಮಾತು: ಕಂಪನಿಯೊಳಗೆ ಮಾತ್ರ ಹೇಳಿ ಎಸ್‌ಇಸಿಗೆ ಹೇಳದಿದ್ದವರಿಗೆ ಡಾಡ್-ಫ್ರಾಂಕ್ ಎಂಬ ಹಣಕಾಸು ಕಾಯ್ದೆ ಸೇಡಿನ ವಿರುದ್ಧ ಕೊಡುವ ರಕ್ಷಣೆ ಇಲ್ಲ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿಬಿಟ್ಟಿದೆ. ಇಲ್ಲಿಯೂ ಸರದಿಯದೇ ಪ್ರಶ್ನೆ.

ನ್ಯಾಯ ಇಲಾಖೆ 2024ರ ಆಗಸ್ಟ್ 1ರಂದು ಪ್ರಾಯೋಗಿಕವಾಗಿ ಇನ್ನೊಂದು ಯೋಜನೆ ತೆರೆಯಿತು. ಖಾಸಗಿ ವಿಮೆಗೆ ಆದ ಮೋಸ ಅದರ ವ್ಯಾಪ್ತಿಯಲ್ಲಿದೆ. ಬಹುಮಾನ ಮಾತ್ರ ಇಲಾಖೆಯ ಇಚ್ಛೆ, ಹಕ್ಕಲ್ಲ. ಬೇರೆ ಯಾವ ದಾರಿಯೂ ಇಲ್ಲದವರಿಗೆ ಪರವಾಗಿಲ್ಲ.

ವಕೀಲರನ್ನು ಆರಿಸುವುದು

ಕ್ವಿ ಟ್ಯಾಮ್ ದಾವೆಯನ್ನು ವಕೀಲರಿಲ್ಲದೆ ನೀವೇ ನಡೆಸುವಂತಿಲ್ಲ. ದಾವೆ ಸರ್ಕಾರದ್ದು, ನೀವು ಅದರ ಪರವಾಗಿ ನಿಂತವರು, ಆದ್ದರಿಂದ ಸ್ವಂತ ವಾದ ಸಲ್ಲದು ಎಂಬುದು ಕೋರ್ಟುಗಳ ನಿಲುವು. ಹಾಗಾಗಿ ಆಯ್ಕೆ ಇರುವುದು ಯಾವ ವಕೀಲರು ಎಂಬುದರಲ್ಲಿ ಮಾತ್ರ.

ಇಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪು ನನಗೆ ಗೊತ್ತು: ವೀಸಾ ಮಾಡಿಸಿಕೊಟ್ಟ ವಕೀಲರನ್ನೇ, ಇಲ್ಲವೇ ಮನೆ ಕೊಂಡಾಗ ಕಾಗದ ನೋಡಿದವರನ್ನೇ ಕೇಳುವುದು. ಹಲ್ಲುನೋವಿಗೆ ಕಣ್ಣಿನ ಡಾಕ್ಟರ ಹತ್ತಿರ ಹೋದ ಹಾಗೆ. ಉದ್ಯೋಗ ಕಾನೂನಿನ ವಕೀಲರು ಇನ್ನೂ ಅಪಾಯ, ಏಕೆಂದರೆ ಅವರಿಗೆ ಅರ್ಧ ಗೊತ್ತಿರುತ್ತದೆ. ಕೆಲಸದಿಂದ ತೆಗೆದದ್ದಕ್ಕೆ ಒಳ್ಳೆಯ ಪರಿಹಾರ ಕೊಡಿಸುತ್ತಾರೆ. ಆ ರಾಜಿ ಪತ್ರದಲ್ಲಿ ‘ಇನ್ನು ಯಾವ ಹಕ್ಕನ್ನೂ ಸಾಧಿಸುವುದಿಲ್ಲ’ ಎಂಬ ಸಾಲಿಗೆ ನೀವು ಸಹಿ ಹಾಕಿದರೆ ಕ್ವಿ ಟ್ಯಾಮ್ ಹಕ್ಕಿಗೂ ಕುತ್ತು ಬರಬಹುದು. ಕೆಲಸ ಬಿಡುವಾಗ ಕೊಡುವ ಯಾವ ಕಾಗದಕ್ಕೂ ತೋರಿಸದೆ ಸಹಿ ಹಾಕಬೇಡಿ.

ಈ ಕ್ಷೇತ್ರದ ವಕೀಲರು ಸಾಮಾನ್ಯವಾಗಿ ಮೊದಲ ಮಾತುಕತೆಗೆ ಹಣ ಕೇಳುವುದಿಲ್ಲ, ಗೆದ್ದರೆ ಮಾತ್ರ ಪಾಲು, ಮೂರನೇ ಒಂದು ಭಾಗದಿಂದ ಶೇ 40ರವರೆಗೆ. ಆ ಮೊದಲ ಮಾತುಕತೆಯೂ, ನೀವು ಅವರನ್ನು ನೇಮಿಸಿಕೊಳ್ಳದಿದ್ದರೂ, ವಕೀಲ-ಕಕ್ಷಿದಾರ ಗೋಪ್ಯತೆಯೊಳಗೇ ಇರುತ್ತದೆ. ಕೇಳಲೇಬೇಕಾದ ಪ್ರಶ್ನೆಗಳು ಇವು. ಈ ಕಾಯ್ದೆಯಡಿ ಎಷ್ಟು ದಾವೆ ಹೂಡಿದ್ದೀರಿ, ಎಷ್ಟರಲ್ಲಿ ಸರ್ಕಾರ ಸೇರಿತು? ಸರ್ಕಾರ ಸೇರದಿದ್ದರೆ ಮುಂದುವರಿಸುತ್ತೀರೋ, ಕೈಬಿಡುತ್ತೀರೋ? ತಜ್ಞರ ಖರ್ಚು ಯಾರದು, ಸೋತರೆ ಅದನ್ನು ನನ್ನಿಂದ ಕೇಳುತ್ತೀರಾ? ಗೆದ್ದಾಗ ಪ್ರತಿವಾದಿಯಿಂದಲೂ ನಿಮಗೆ ಶುಲ್ಕ ಬರುತ್ತದಲ್ಲ, ಅದನ್ನು ನನ್ನ ಪಾಲಿನಿಂದ ಕಳೆಯುವ ಮೊತ್ತದಲ್ಲಿ ಹೊಂದಿಸುತ್ತೀರೋ, ಎರಡನ್ನೂ ಇಟ್ಟುಕೊಳ್ಳುತ್ತೀರೋ? ಈ ಕೊನೆಯ ಪ್ರಶ್ನೆಗೆ ತಡವರಿಸಿದವರನ್ನು ನಾನಾದರೆ ಬಿಡುತ್ತೇನೆ.

ದೊಡ್ಡ ಸಂಸ್ಥೆಯೋ ಒಂಟಿ ವಕೀಲರೋ? ದೊಡ್ಡ ಸಂಸ್ಥೆಯಲ್ಲಿ ಹಿಂದೆ ಸರ್ಕಾರಿ ಪ್ರಾಸಿಕ್ಯೂಟರ್ ಆಗಿದ್ದವರು ಇರುತ್ತಾರೆ, ಖರ್ಚು ಹೊರುವ ತಾಕತ್ತಿರುತ್ತದೆ, ಆದರೆ ಸಣ್ಣ ಕ್ಲಿನಿಕ್ಕಿನ ಮೋಸಕ್ಕೆ ಅವರು ತಲೆ ಎತ್ತಿಯೂ ನೋಡುವುದಿಲ್ಲ. ನನ್ನ ಒಲವು ನಾಲ್ಕೈದು ವಕೀಲರಿರುವ, ಇದೇ ಕೆಲಸ ಮಾಡುವ ಮಧ್ಯಮ ಗಾತ್ರದ ಕಚೇರಿಯ ಕಡೆಗೆ. ಟಿವಿ ಜಾಹೀರಾತಿನವರಲ್ಲಿ ಕೆಲವರು ಪ್ರಕರಣವನ್ನು ಇನ್ನೊಬ್ಬರಿಗೆ ದಾಟಿಸಿ ಕಮಿಷನ್ ತೆಗೆದುಕೊಳ್ಳುವವರು, ಅದನ್ನೂ ಕೇಳಿಕೊಳ್ಳಿ.

ಮತ್ತೆ, ಕಚೇರಿಯ ಲ್ಯಾಪ್‌ಟಾಪಿನಿಂದ, ಕಚೇರಿಯ ಇಮೇಲಿನಿಂದ ಅವರನ್ನು ಹುಡುಕಬೇಡಿ. ಮೊದಲ ಇಮೇಲನ್ನು ವಕೀಲರಿಗಿಂತ ಮುಂಚೆ ಕಂಪನಿಯ ಐಟಿ ವಿಭಾಗ ಓದಬಾರದು.

ಕಾಗದಪತ್ರ, ವೀಸಾ, ಬೆಂಗಳೂರು

ರೋಗಿಗಳ ಗೋಪ್ಯತೆಯ ಹಿಪಾ ಕಾಯ್ದೆಗೆ ಹೆದರಿ ಬಾಯಿ ಮುಚ್ಚಿಕೊಂಡವರನ್ನು ಕಂಡಿದ್ದೇನೆ. ಪ್ರಾಮಾಣಿಕವಾಗಿ ಅಕ್ರಮವೆಂದು ನಂಬಿದ ನೌಕರ, ಆ ಮಾಹಿತಿಯನ್ನು ತನ್ನ ವಕೀಲರಿಗೆ ಅಥವಾ ಮೇಲ್ವಿಚಾರಣಾ ಸಂಸ್ಥೆಗೆ ಕೊಟ್ಟರೆ ಹಿಪಾ ಉಲ್ಲಂಘನೆಯಾಗುವುದಿಲ್ಲ ಎಂದು ನಿಯಮದಲ್ಲಿಯೇ ವಿನಾಯಿತಿ ಇದೆ. ಗೆಳತಿಗೆ, ಗಂಡನಿಗೆ, ಪತ್ರಕರ್ತರಿಗೆ ತೋರಿಸಲು ಆ ವಿನಾಯಿತಿ ಇಲ್ಲ. ನಿಮ್ಮ ಕೆಲಸದ ಭಾಗವಾಗಿ ಕಣ್ಣಿಗೆ ಬೀಳುವ ಕಾಗದಕ್ಕಷ್ಟೇ ಕೈ ಹಾಕಿ. ಇನ್ನೊಬ್ಬರ ಕಂಪ್ಯೂಟರ್ ತೆರೆಯಬೇಡಿ, ಕಂಪನಿ ತನ್ನ ವಕೀಲರೊಂದಿಗೆ ನಡೆಸಿದ ಪತ್ರವ್ಯವಹಾರವನ್ನು ಮುಟ್ಟಲೇಬೇಡಿ. ಫೋನಿನಲ್ಲಿ ಮಾತು ಧ್ವನಿಮುದ್ರಿಸುವ ಆಸೆ ಬಂದರೆ ತಡೆಯಿರಿ: ನ್ಯೂಯಾರ್ಕ್, ಟೆಕ್ಸಾಸ್‌ಗಳಲ್ಲಿ ಮಾತಿನಲ್ಲಿರುವ ಒಬ್ಬರ ಒಪ್ಪಿಗೆ ಸಾಕು, ಕ್ಯಾಲಿಫೋರ್ನಿಯಾ, ಪೆನ್ಸಿಲ್ವೇನಿಯಾಗಳಲ್ಲಿ ಎಲ್ಲರ ಒಪ್ಪಿಗೆಯಿಲ್ಲದೆ ಮುದ್ರಿಸಿದರೆ ನೀವೇ ಆರೋಪಿ.

ಬೆಂಗಳೂರಿನ ಬಿಲ್ಲಿಂಗ್ ಕಚೇರಿಗಳಲ್ಲಿ ಈ ಚಿಂತೆಯೇ ಬೇಡ. ಮೊಬೈಲ್ ಹೊರಗಿನ ಲಾಕರಿನಲ್ಲಿ, ಪೆನ್ ಡ್ರೈವ್ ಹಾಕುವ ಕಿಂಡಿ ಬಂದ್, ಮೇಜಿನ ಮೇಲೆ ಪೆನ್ನು ಕಾಗದಕ್ಕೂ ಅನುಮತಿ ಇಲ್ಲದ ಕಡೆಯಲ್ಲಿ ನಾನು ಕೆಲಸ ಮಾಡಿದ್ದೇನೆ. ಅಲ್ಲಿಂದ ಹೊರಬರುವುದು ನೆನಪೊಂದೇ. ಅದೂ ಕಡಿಮೆಯೇನಲ್ಲ. ಮನೆಗೆ ಬಂದು ತಾರೀಖು, ಯಾರು ಏನು ಹೇಳಿದರು, ಯಾವ ಕೋಡ್, ಸುಮಾರು ಎಷ್ಟು ಬಿಲ್ಲು ಎಂದು ರೋಗಿಯ ಹೆಸರಿಲ್ಲದೆ ಬರೆದಿಟ್ಟ ದಿನಚರಿಯಿಂದಲೇ ವಕೀಲರು ಕೆಲಸ ಶುರುಮಾಡಬಲ್ಲರು. ದಾವೆ ಹೂಡಲು ಅಮೆರಿಕದ ಪೌರತ್ವ ಬೇಕೆಂದು ಕಾಯ್ದೆ ಹೇಳುವುದಿಲ್ಲ. ಕೆಲಸ ಹೋದರೆ ಸಿಗುವ ರಕ್ಷಣೆ ಮಾತ್ರ ಬೆಂಗಳೂರಿನ ನೌಕರಿಗೂ ಅನ್ವಯಿಸುತ್ತದೆ ಎಂದು ನಂಬಿ ಹೆಜ್ಜೆ ಇಡಬೇಡಿ.

ಎಚ್-1ಬಿ ವೀಸಾದವರ ಲೆಕ್ಕ ಬೇರೆ. ಕೆಲಸ ಹೋದ ದಿನದಿಂದ ಅಮೆರಿಕದಲ್ಲಿ ಉಳಿಯಲು ಹೆಚ್ಚೆಂದರೆ 60 ದಿನ. ಸೇಡಿನ ದಾವೆಯಲ್ಲಿ ಗೆಲ್ಲಲು ವರ್ಷಗಳೇ ಬೇಕು, ಗೆದ್ದರೂ ಆ ತೀರ್ಪು ಕಳೆದುಹೋದ ವೀಸಾವನ್ನು ತಂದುಕೊಡುವುದಿಲ್ಲ. ಹೀಗಿದ್ದವರಿಗೆ ನಾನು ಹೇಳುವುದು: ಮೊದಲು ಬೇರೆ ಕೆಲಸಕ್ಕೆ ವೀಸಾ ವರ್ಗಾಯಿಸಿಕೊಳ್ಳಿ, ಆಮೇಲೆ ದಾವೆ. ಸಾಮಾನ್ಯವಾಗಿ ಆರು ವರ್ಷದ ಕಾಲಮಿತಿ ಇದೆ, ಉಸಿರಾಡಲು ಜಾಗವಿದೆ. ಆದರೆ ಪಕ್ಕದ ಮೇಜಿನವರು ಮುಂದಾಗಬಹುದು ಎಂಬ ಆತಂಕ ಇದ್ದೇ ಇರುತ್ತದೆ. ಯಾವುದು ಭಾರ ಎಂದು ನೀವೇ ತೂಗಬೇಕು.

ಕರ್ನಾಟಕದೊಳಗಿನ ಆಸ್ಪತ್ರೆಗಳ ಬಗ್ಗೆ ಕೇಳುವವರೂ ಇದ್ದಾರೆ. ಭಾರತದಲ್ಲಿ ಇಂಥ ಪಾಲಿನ ಕಾಯ್ದೆ ಇಲ್ಲ. ಪೆಟ್ರೋಲ್ ಕಲಬೆರಕೆಯನ್ನು ತಡೆಯಲು ಹೋಗಿ 2005ರಲ್ಲಿ ಉತ್ತರ ಪ್ರದೇಶದಲ್ಲಿ ಕೊಲೆಯಾದ ಎಸ್. ಮಂಜುನಾಥ್ ನಮ್ಮ ಕೆಜಿಎಫ್‌ನಲ್ಲಿ ಬೆಳೆದ ಹುಡುಗ. ಅಂಥ ಸಾವುಗಳ ನಂತರ ಸಂಸತ್ತು 2014ರಲ್ಲಿ ಅಕ್ರಮ ಬಯಲಿಗೆಳೆಯುವವರ ರಕ್ಷಣಾ ಕಾಯ್ದೆ ಮಾಡಿತು, ಜಾರಿಗೆ ತರುವ ಅಧಿಸೂಚನೆ ಹೊರಡಿಸಲಿಲ್ಲ. ಆಯುಷ್ಮಾನ್ ಯೋಜನೆಯಲ್ಲಿ 9999999999 ಎಂಬ ಒಂದೇ ಮೊಬೈಲ್ ಸಂಖ್ಯೆಗೆ ಏಳೂವರೆ ಲಕ್ಷದಷ್ಟು ಫಲಾನುಭವಿಗಳು ಜೋಡಣೆಯಾಗಿದ್ದನ್ನು 2023ರಲ್ಲಿ ಸಿಎಜಿ ವರದಿ ಮಾಡಿದ್ದು ನೆನಪಿರಬಹುದು. ಅಂಥದ್ದು ಕಂಡರೆ ದೂರಲು 14555 ಸಹಾಯವಾಣಿ ಇದೆ. ಅಲ್ಲಿಯೂ ವಕೀಲರನ್ನು ಕಂಡೇ ಮುಂದುವರಿಯಿರಿ, ಪಾಲಿಗಾಗಿ ಅಲ್ಲ, ತಲೆ ಉಳಿಸಿಕೊಳ್ಳಲಿಕ್ಕೆ.

ಆಕೆ ಆ ವಾರವೇ ಸ್ವಂತ ಫೋನಿನಿಂದ, ಊಟದ ಬಿಡುವಿನಲ್ಲಿ ಕಾರಿನೊಳಗೆ ಕೂತು ಇಬ್ಬರು ವಕೀಲರಿಗೆ ಕರೆ ಮಾಡಿದಳು. ಒಬ್ಬರು ಮೊದಲು ಕೇಳಿದ್ದು ಮೋಸದ ಮೊತ್ತ ಎಷ್ಟು ಎಂದು. ಇನ್ನೊಬ್ಬರು ಕೇಳಿದ್ದು, “ಇದನ್ನು ಇದುವರೆಗೆ ಯಾರಿಗೆಲ್ಲ ಹೇಳಿದ್ದೀರಿ?” ಒಬ್ಬ ಅಣ್ಣನಿಗೆ, ಎಂದಳಂತೆ. “ಅವರಿಗೂ ಇನ್ನು ಹೇಳಬೇಡಿ” ಎಂದರಂತೆ ಅವರು.

ಅದನ್ನು ತಿಳಿಸಲು ಮಾಡಿದ ಫೋನೇ ಕೊನೆಯದು. ಈಗಲೂ ಹಬ್ಬಕ್ಕೆ ಬರುತ್ತಾಳೆ, ಮಕ್ಕಳ ಶಾಲೆ, ಊರಿನ ಮಳೆ, ಮಾವಿನ ಉಪ್ಪಿನಕಾಯಿಯ ಮಾತಾಗುತ್ತದೆ. ನಾನು ಕೇಳಿಲ್ಲ.